ಗುಂಡಿನ ಸದ್ದು ನಿಂತ ಮೇಲೆ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ಹಳೆಯ ವಿದ್ಯಾರ್ಥಿ, ನಿವೃತ್ತ ಇತಿಹಾಸ ಅಧ್ಯಾಪಕರೊಬ್ಬರು ಮಾಡಿದ ಭಾಷಣದ ಬರಹ ರೂಪ)



ಸಮಿತಿಯವರು ಫೋನ್ ಮಾಡಿದಾಗ 'ಸ್ವಾತಂತ್ರ್ಯದ ಬಗ್ಗೆ ಏನಾದರೂ ಹೇಳಿ ಸಾರ್, ಮಕ್ಕಳಿಗೆ ಉಪಯೋಗ ಆಗುತ್ತೆ' ಅಂದರು. ಸ್ವಾತಂತ್ರ್ಯ ಹೇಗೆ ಬಂತು ಅನ್ನುವುದನ್ನು ನಿಮ್ಮ ಮೇಷ್ಟ್ರುಗಳು ನನಗಿಂತ ಚೆನ್ನಾಗಿ ಪಾಠ ಮಾಡುತ್ತಾರೆ. ಬಂದ ಮೇಲೆ ಏನಾಯಿತು ಅನ್ನುವುದು ಪಠ್ಯಪುಸ್ತಕದಲ್ಲಿ ಕಡಿಮೆ. ಹೊಸದಾಗಿ ಸ್ವತಂತ್ರವಾದ ದೇಶದಲ್ಲಿ ಜನ ಒಬ್ಬರಿಗೊಬ್ಬರು ಹೆದರದೆ ಬಾಳುವ ಹಾಗೆ ಮಾಡುವುದು ಸ್ವಾತಂತ್ರ್ಯ ಪಡೆಯುವುದಕ್ಕಿಂತ ಕಷ್ಟದ ಕೆಲಸ. ಅದಕ್ಕೆ ದೂರದ ಉದಾಹರಣೆ ಬೇಡ. ನಮ್ಮದೇ ರಾಜ್ಯದ ಬೀದರ್, ಕಲಬುರಗಿ, ರಾಯಚೂರು ಇವೆ.

ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ನಮ್ಮ ಕಡೆಯವರಿಗೆ ಆ ಜಿಲ್ಲೆಗಳಿಗೆ ವರ್ಗವಾದರೆ ಮನೆಯಲ್ಲಿ ಸೂತಕದ ಕಳೆ. ಬಿಸಿಲು, ನೀರಿಲ್ಲ, ಭಾಷೆ ಬೇರೆ ಅಂತ ಹೇಳಿ ಹೆದರಿಸುತ್ತಿದ್ದರು. ನನಗೂ ಆಯಿತು, ಹೋದೆ. ಎರಡು ವರ್ಷ ಇದ್ದು ಬರೋಣ ಅಂತ ಹೋದವನು ಹನ್ನೊಂದು ವರ್ಷ ಇದ್ದೆ. ಅಲ್ಲಿ ಹೋದ ಮೇಲೆ ಗೊತ್ತಾಯಿತು, ನಮಗೆ ಸ್ವಾತಂತ್ರ್ಯ ಬಂದ ದಿನ ಅವರಿಗೆ ಬಂದಿರಲಿಲ್ಲ.

ಮೊದಲು ನಮ್ಮ ಕಥೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ, ಹೋಲಿಸಿ ನೋಡುವುದಕ್ಕೆ. ನಲ್ಲೂರು ಮೈಸೂರು ಸಂಸ್ಥಾನಕ್ಕೆ ಸೇರಿದ ಊರು. ಮಹಾರಾಜರು ಭಾರತಕ್ಕೆ ಸೇರಲು ಒಪ್ಪಿದರು, ಆದರೆ ಜವಾಬ್ದಾರಿ ಸರ್ಕಾರ ಕೊಡಲು ಹಿಂದೆಮುಂದೆ ನೋಡಿದರು. 1947ರ ಸೆಪ್ಟೆಂಬರ್‌ನಲ್ಲಿ 'ಮೈಸೂರು ಚಲೋ' ನಡೆಯಿತು. ಗೋಲಿಬಾರ್ ಆಯಿತು, ಮೈಸೂರಿನಲ್ಲಿ ರಾಮಸ್ವಾಮಿ ಎಂಬ ವಿದ್ಯಾರ್ಥಿ ಪ್ರಾಣ ಕೊಟ್ಟ. ಅಲ್ಲಿಯ ರಾಮಸ್ವಾಮಿ ವೃತ್ತಕ್ಕೆ ಹೆಸರು ಬಂದದ್ದು ಅವನಿಂದ. ಅದಕ್ಕೂ ಮುಂಚೆ, 1938ರಲ್ಲಿ, ನಮ್ಮ ದೊಡ್ಡಬಳ್ಳಾಪುರ ದಾಟಿದರೆ ಸಿಗುವ ಗೌರಿಬಿದನೂರಿನ ವಿದುರಾಶ್ವತ್ಥದಲ್ಲಿ ಧ್ವಜ ಹಾರಿಸಲು ಸೇರಿದ ಜನರ ಮೇಲೆ ಗುಂಡು ಹಾರಿತ್ತು. ಹಾಗಾಗಿ ನಮ್ಮಲ್ಲಿ ರಕ್ತ ಹರಿದಿಲ್ಲ ಅಂತ ಹೇಳುವಂತಿಲ್ಲ. ಆದರೆ ಜಗಳ ಇದ್ದದ್ದು ಜನಕ್ಕೂ ದಿವಾನರಿಗೂ. ಪಕ್ಕದ ಮನೆಯವನ ಜೊತೆ ಅಲ್ಲ. 1947ರ ಅಕ್ಟೋಬರ್ 25ರಂದು ಕೆ.ಸಿ. ರೆಡ್ಡಿಯವರು ಮುಖ್ಯಮಂತ್ರಿಯಾದರು, ಜನ ಹೊಲ ಗದ್ದೆಗೆ ಹೋದರು. ಜೊತೆಗೆ 1881ರಿಂದಲೇ ಇಲ್ಲಿ ಪ್ರಜಾಪ್ರತಿನಿಧಿ ಸಭೆ ಇತ್ತು. ಅದಕ್ಕೆ ಅಧಿಕಾರ ಏನೂ ಹೆಚ್ಚಿರಲಿಲ್ಲ, ನಿಜ. ಆದರೂ ಎದ್ದು ನಿಂತು ದೂರು ಹೇಳುವ, ಇನ್ನೊಬ್ಬರ ದೂರು ಕೇಳುವ ರೂಢಿ ಮೂರು ತಲೆಮಾರಿಗೆ ಆಗಿತ್ತು.

ಹೈದರಾಬಾದ್ ಸಂಸ್ಥಾನದ ಸ್ಥಿತಿ ಬೇರೆ. ಅದು ಒಂದು ಕೋಟಿ ಅರವತ್ತು ಲಕ್ಷಕ್ಕೂ ಹೆಚ್ಚು ಜನರಿದ್ದ ದೊಡ್ಡ ಸಂಸ್ಥಾನ. ಹದಿನಾರು ಜಿಲ್ಲೆ, ಎಂಟು ತೆಲುಗಿನವು, ಐದು ಮರಾಠಿಯವು, ಮೂರು ಕನ್ನಡದವು. ಜನರಲ್ಲಿ ಹತ್ತಕ್ಕೆ ಎಂಟು ಮಂದಿಗಿಂತ ಹೆಚ್ಚು ಹಿಂದೂಗಳು. ಅರಸ ನಿಜಾಮ್ ಮೀರ್ ಉಸ್ಮಾನ್ ಅಲಿ ಖಾನ್, ಮುಸ್ಲಿಮರು. ಕಚೇರಿಯ ಭಾಷೆ ಉರ್ದು. ನೆಲದ ಮೂರನೇ ಒಂದು ಭಾಗದಷ್ಟು ಜಾಗೀರುದಾರರ ಕೈಯಲ್ಲಿ, ಇನ್ನೊಂದು ಪಾಲು 'ಸರ್ಫೆ ಖಾಸ್' ಅಂತ ನಿಜಾಮರ ಸ್ವಂತದ್ದು. ಕನ್ನಡದಲ್ಲಿ ಶಾಲೆ ನಡೆಸುವುದೇ ಅಲ್ಲಿ ಒಂದು ಹೋರಾಟ. ಇಲ್ಲಿ ಶಾಲೆಯ ಹಬ್ಬದಲ್ಲಿ ಕೂತಿರುವ ನಿಮಗೆ ಒಂದು ಹೆಸರು ಹೇಳಬೇಕು. ರಾಯಚೂರಿನಲ್ಲಿ ಪಂಡಿತ ತಾರಾನಾಥರು ಕಟ್ಟಿದ ರಾಷ್ಟ್ರೀಯ ಶಾಲೆಯ ಹೆಸರು 'ಹಮ್‌ದರ್ದ್'. ಉರ್ದು ಮಾತು. ಇನ್ನೊಬ್ಬರ ನೋವಿನಲ್ಲಿ ಪಾಲುಗೊಳ್ಳುವವನು ಅಂತ ಅರ್ಥ. ಇಂಥ ಹೆಸರು ನಮ್ಮ ಕಡೆ ಯಾವ ಶಾಲೆಗೂ ಇಟ್ಟದ್ದು ನಾನು ಕಂಡಿಲ್ಲ.

1947ರ ಆಗಸ್ಟ್ 15 ಬಂತು. ನಿಜಾಮರು ಭಾರತಕ್ಕೆ ಸೇರುವುದಿಲ್ಲ ಅಂದರು. ಅಲ್ಲಿ ರಾಷ್ಟ್ರಧ್ವಜ ಹಾರಿಸಿದವರಿಗೆ ಜೈಲು. ನವೆಂಬರ್‌ನಲ್ಲಿ ಒಂದು ವರ್ಷದ ಯಥಾಸ್ಥಿತಿ ಒಪ್ಪಂದವಾಯಿತು. ಆ ಹೊತ್ತಿಗೆ ಖಾಸಿಂ ರಜ್ವಿಯ ರಜಾಕಾರರ ಪಡೆ ಹಳ್ಳಿಹಳ್ಳಿಗೂ ನುಗ್ಗುತ್ತಿತ್ತು. ಊರೂರಿಗೆ ಇಂತಿಷ್ಟು ಹಣ ಕಟ್ಟಬೇಕು ಅಂತ ಗೊತ್ತು ಮಾಡುತ್ತಿದ್ದರು. ಕೊಟ್ಟರೆ ಸರಿ, ಎದುರು ನಿಂತರೆ ಲೂಟಿ, ಬೆಂಕಿ, ಕೊಲೆ. ಬೀದರ್ ಜಿಲ್ಲೆಯ ಗೋರಟಾ ಗ್ರಾಮದಲ್ಲಿ 1948ರ ಮೇ ತಿಂಗಳಲ್ಲಿ ನಡೆದ ಹತ್ಯಾಕಾಂಡವನ್ನು ಆ ಭಾಗದ ಜನ ಇವತ್ತಿಗೂ ಜಲಿಯನ್‌ವಾಲಾಬಾಗ್‌ಗೆ ಹೋಲಿಸುತ್ತಾರೆ. ಸಾವಿರಾರು ಸಂಸಾರಗಳು ಗಡಿ ದಾಟಿ ಮುಂಬೈ ಪ್ರಾಂತದ ಕಡೆ ಓಡಿ ಬಂದವು. ಇತ್ತ ಗಡಿಯಲ್ಲಿ, ಮುಂಡರಗಿಯಂಥ ಊರುಗಳಲ್ಲಿ, ಹೋರಾಟಗಾರರ ಶಿಬಿರಗಳು ಎದ್ದವು. ಸ್ಟೇಟ್ ಕಾಂಗ್ರೆಸ್ಸಿನ ಮುಂದಾಳು ಸ್ವಾಮಿ ರಮಾನಂದ ತೀರ್ಥರು. ಅವರು ಹುಟ್ಟಿದ್ದು ವಿಜಯಪುರ ಜಿಲ್ಲೆಯ ಸಿಂದಗಿಯಲ್ಲಿ, ನಮ್ಮ ನೆಲದವರೇ.

1948ರ ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಒಳಗೆ ಹೋಯಿತು. 17ರ ಸಂಜೆ ನಿಜಾಮರು ಕದನ ನಿಲ್ಲಿಸಿದರು. ಐದು ದಿನ. 'ಪೊಲೀಸ್ ಕಾರ್ಯಾಚರಣೆ' ಅಂತ ಅದಕ್ಕೆ ಹೆಸರು. ನಮ್ಮ ಪುಸ್ತಕಗಳಲ್ಲಿ ಅಧ್ಯಾಯ ಅಲ್ಲಿಗೆ ಮುಗಿಯುತ್ತದೆ. ಕೆಳಗೆ ಪ್ರಶ್ನೆಗಳು, ಬಿಟ್ಟ ಸ್ಥಳ ತುಂಬಿ.

ನಾನು ಇವತ್ತು ಹೇಳಬೇಕೆಂದಿರುವುದು 18ನೇ ತಾರೀಖಿನಿಂದ ಶುರುವಾಗುತ್ತದೆ.

ರಜಾಕಾರರು ಓಡಿಹೋದರು, ಕೆಲವರು ಸೆರೆ ಸಿಕ್ಕರು. ನಿಜಾಮರ ಪೊಲೀಸು, ಪಟೇಲ, ಗಿರ್ದಾವರ ಎಲ್ಲರೂ ದಿಕ್ಕುಗೆಟ್ಟರು. ಹಳೆಯ ಸರ್ಕಾರ ಹೋಗಿದೆ, ಹೊಸ ಸರ್ಕಾರ ಇನ್ನೂ ಹಳ್ಳಿಗೆ ಬಂದಿಲ್ಲ. ಆ ನಡುವಿನ ವಾರಗಳಲ್ಲಿ ಸೇಡು ಹೊರಟಿತು. ಅದು ರಜಾಕಾರರನ್ನಷ್ಟೇ ಹುಡುಕಿಕೊಂಡು ಹೋಗಲಿಲ್ಲ. ರಜಾಕಾರರನ್ನು ಕಣ್ಣಾರೆ ಕಾಣದ ಕೂಲಿ, ನೇಕಾರ, ಗಾಣಿಗ, ಹೆಸರು ಮುಸ್ಲಿಮರದ್ದು ಅನ್ನುವ ಒಂದೇ ಕಾರಣಕ್ಕೆ ಸತ್ತರು. ಸುದ್ದಿ ದೆಹಲಿಗೆ ಮುಟ್ಟಿತು. ಪ್ರಧಾನಿ ನೆಹರೂ ಅವರು ಪಂಡಿತ ಸುಂದರಲಾಲ್, ಖಾಜಿ ಅಬ್ದುಲ್ ಗಫಾರ್ ಮೊದಲಾದವರಿದ್ದ ಒಂದು ಸದ್ಭಾವನಾ ನಿಯೋಗ ಕಳಿಸಿದರು. ಅವರು 1948ರ ನವೆಂಬರ್ ಕೊನೆಯಿಂದ ಡಿಸೆಂಬರ್ ಮೂರನೇ ವಾರದವರೆಗೆ ಹದಿನಾರರಲ್ಲಿ ಒಂಬತ್ತು ಜಿಲ್ಲೆ ಸುತ್ತಿದರು. ತಾವು ಹೋಗಲಾಗದ ನೂರಕ್ಕೂ ಹೆಚ್ಚು ಹಳ್ಳಿಗಳ ಜನರನ್ನೂ ಕರೆಸಿ ಮಾತಾಡಿಸಿದರು. ಅವರ ಅಂದಾಜಿನಲ್ಲಿ ಕಾರ್ಯಾಚರಣೆಯ ಹೊತ್ತಿನಲ್ಲಿ ಮತ್ತು ಆಮೇಲೆ ಸತ್ತವರು 27,000ದಿಂದ 40,000. ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಎರಡು ಮರಾಠಿಯ ಉಸ್ಮಾನಾಬಾದ್, ನಾಂದೇಡ್. ಇನ್ನೆರಡು ನಮ್ಮ ಗುಲ್ಬರ್ಗಾ ಮತ್ತು ಬೀದರ್.

ಕೆಲವು ಕಡೆ ಸೈನಿಕರೂ ಪೊಲೀಸರೂ ಲೂಟಿಗೆ ಪ್ರೋತ್ಸಾಹ ಕೊಟ್ಟರು ಅಂತಲೂ ಆ ವರದಿ ಹೇಳಿತು. ಗೃಹಮಂತ್ರಿ ಪಟೇಲರಿಗೆ ವರದಿ ಒಪ್ಪಿಗೆಯಾಗಲಿಲ್ಲ. ರಜಾಕಾರರ ಕೃತ್ಯಗಳನ್ನು ಸರಿಯಾಗಿ ತೂಗಿಲ್ಲ ಎಂಬುದು ಅವರ ಆಕ್ಷೇಪ. ಸರ್ಕಾರ ಅದನ್ನು ಪ್ರಕಟಿಸಲಿಲ್ಲ. ಅರವತ್ತು ವರ್ಷದ ಮೇಲೆ, 2013ರಲ್ಲಿ, ದೆಹಲಿಯ ನೆಹರೂ ಸ್ಮಾರಕ ಗ್ರಂಥಾಲಯದಲ್ಲಿ ಓದುಗರ ಕೈಗೆ ಸಿಕ್ಕಿತು. ಅಂಕಿಯ ಬಗ್ಗೆ ವಿದ್ವಾಂಸರಲ್ಲಿ ಇನ್ನೂ ಚರ್ಚೆ ಇದೆ. ಕಡಿಮೆ ಅಂದುಕೊಂಡರೂ, ಸ್ವತಂತ್ರ ಭಾರತದ ಮೊದಲ ವರ್ಷಗಳಲ್ಲಿ ಕನ್ನಡ ನೆಲದ ಮೇಲೆ ಇಷ್ಟು ದೊಡ್ಡ ಸಾವು ಇನ್ನೊಂದಿಲ್ಲ.

ಇದನ್ನೆಲ್ಲ ಹಬ್ಬದ ದಿನ ಯಾಕೆ ಹೇಳುತ್ತಿದ್ದಾನೆ ಅಂತ ಹಿಂದಿನ ಸಾಲಿನಲ್ಲಿ ಯಾರೋ ಅಂದುಕೊಳ್ಳುತ್ತಿರಬಹುದು. ಆ ವರದಿಯಲ್ಲಿ ಇನ್ನೊಂದು ಸಂಗತಿ ಇದೆ, ಅದಕ್ಕೋಸ್ಕರ ಹೇಳುತ್ತಿದ್ದೇನೆ. ನೆರೆಯ ಮುಸ್ಲಿಮರನ್ನು ಹಿಂದೂಗಳು ಬಚ್ಚಿಟ್ಟು ಕಾಪಾಡಿದ, ಕಾಪಾಡುವಾಗ ತಾವೇ ಪ್ರಾಣ ಕಳೆದುಕೊಂಡ ಪ್ರಸಂಗಗಳು ಎಣಿಸಲಾರದಷ್ಟು ಗಮನಕ್ಕೆ ಬಂದವು ಅಂತ ನಿಯೋಗ ಬರೆದಿದೆ. ಅದರಲ್ಲೂ ಒಂದೇ ಕಸುಬಿನವರ ನಡುವೆ ಈ ಕಕ್ಕುಲಾತಿ ಎದ್ದು ಕಾಣುತ್ತಿತ್ತಂತೆ. ಹಿಂದೂ ನೇಕಾರರು ಮುಸ್ಲಿಂ ನೇಕಾರರಿಗೆ ಅಡ್ಡ ನಿಂತರು. ಅಪಹರಿಸಿದ ಹೆಣ್ಣುಮಕ್ಕಳನ್ನು ಹುಡುಕಿ ಮನೆ ಸೇರಿಸಲು ಎಷ್ಟೋ ಹಿಂದೂಗಳು ಕೈಜೋಡಿಸಿದರು.

ಈ ಕಸುಬಿನ ಮಾತು ನನ್ನನ್ನು ಬಹಳ ದಿನ ಕಾಡಿತು. ಯಾಕೆ ಅಂದರೆ, ಆ ಕಡೆ ಹಿಂದೂ ಮುಸ್ಲಿಂ ಸಾಮರಸ್ಯ ಅಂದಕೂಡಲೆ ನಾವು ಹೇಳುವುದು ಹಬ್ಬಗಳ ಮಾತು. ಕಲಬುರಗಿಯಲ್ಲಿ ಬಂದೇನವಾಜರ ದರ್ಗಾ, ಶರಣಬಸವೇಶ್ವರರ ಗುಡಿ, ಎರಡಕ್ಕೂ ಎಲ್ಲರೂ ಹೋಗುತ್ತಾರೆ. ಮೊಹರಂನಲ್ಲಿ ಅಲಾಯಿ ಕುಣಿಯ ಸುತ್ತ ಕುಣಿಯುವವರು, ರಿವಾಯತ್ ಪದ ಹಾಡುವವರು ಬಹುಪಾಲು ಹಿಂದೂಗಳೇ. ಒಂದೂ ಮುಸ್ಲಿಂ ಮನೆ ಇಲ್ಲದ ಊರಲ್ಲೂ ಅಲಾಯಿ ದೇವರು ಕೂರಿಸುತ್ತಾರೆ. ನೋಡುವುದಕ್ಕೆ ಚೆಂದ, ನಾನೂ ರಾತ್ರಿಯೆಲ್ಲ ನಿಂತು ನೋಡಿದ್ದೇನೆ. ಆದರೆ ಇವೆಲ್ಲ 1948ಕ್ಕೆ ಮುಂಚೆಯೂ ಇದ್ದವು ತಾನೆ? ಇದ್ದೂ ಆಗಬಾರದ್ದು ಆಯಿತು. ವರ್ಷಕ್ಕೊಮ್ಮೆ ಕೂಡಿ ಕುಣಿದವರಿಗಿಂತ, ದಿನಾ ಬೆಳಗಾದರೆ ನೂಲಿನ ಬೆಲೆ ಮಾತಾಡಿಕೊಂಡು ಒಬ್ಬರ ಮಗ್ಗ ನಿಂತರೆ ಇನ್ನೊಬ್ಬರಿಗೂ ನಷ್ಟ ಅಂತ ಗೊತ್ತಿದ್ದವರು ಹೆಚ್ಚು ಗಟ್ಟಿಯಾಗಿ ನಿಂತರು ಅಂತ ನನಗೆ ಅನ್ನಿಸುತ್ತದೆ. ಇದು ನನ್ನ ಅಭಿಪ್ರಾಯ. ತಿದ್ದುವವರಿದ್ದರೆ ಆಮೇಲೆ ಟೀ ಕುಡಿಯುವಾಗ ತಿದ್ದಿ.

ಕೊಲೆ ನಿಂತ ಮೇಲೆ ಉಳಿದದ್ದು ಕಚೇರಿಯ ಕೆಲಸ. ಕೇಳುವುದಕ್ಕೆ ಸಪ್ಪೆ. ಆದರೆ ಶಾಂತಿ ನಿಂತದ್ದೂ ಸೊರಗಿದ್ದೂ ಅಲ್ಲೇ. ಓಡಿಹೋದವನ ಹೊಲವನ್ನು ಪಕ್ಕದವನು ಉತ್ತುಬಿಟ್ಟಿದ್ದಾನೆ. ವಾಪಸು ಕೊಡಿಸುವವರು ಯಾರು? ಪತ್ರ ಉರ್ದುವಿನಲ್ಲಿದೆ, ಹೊಸ ಅಧಿಕಾರಿಗೆ ಉರ್ದು ಬಾರದು. ನಾನಿದ್ದ ಕಾಲದಲ್ಲೂ ತಾಲ್ಲೂಕು ಕಚೇರಿಯ ಎದುರು ಮರದ ಕೆಳಗೆ ಹಳೆಯ ಉರ್ದು ಪಹಣಿ ಓದಿ ಹೇಳುವ ವಯಸ್ಸಾದವರು ಕೂರುತ್ತಿದ್ದರು. ಜುಬ್ಬಾ, ದಪ್ಪ ಕನ್ನಡಕ, ಒಂದು ಕಾಗದಕ್ಕೆ ಇಷ್ಟು ಅಂತ ದರ. ಲಿಂಗಾಯತ ರೈತನ ಹೊಲದ ಹಕ್ಕು ಒಬ್ಬ ಮುಸ್ಲಿಂ ಮುದುಕರ ಕಣ್ಣಿನ ಮೇಲೆ ನಿಂತಿರುತ್ತಿತ್ತು. ಅವರು ಒಂದು ಅಕ್ಷರ ತಪ್ಪಿ ಓದಿದರೆ ಎರಡು ಎಕರೆ ಹೋಯಿತು. 'ಸಾಹೇಬ್ರ, ಸರಿಯಾಗಿ ನೋಡ್ರಿ' ಅಂತ ರೈತ ಕೈಮುಗಿದು ನಿಲ್ಲುವುದು, ಅವರು ಕಾಗದವನ್ನು ಬಿಸಿಲಿಗೆ ಹಿಡಿದು 'ತಡೀರಿ ಗೌಡ್ರ, ಇಲ್ಲಿ ನಿಮ್ಮ ಮುತ್ಯಾನ ಹೆಸರು ಅದ' ಅನ್ನುವುದು, ಇದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ.

ಸರ್ಕಾರ ಕೈಕಟ್ಟಿ ಕೂರಲಿಲ್ಲ ಅನ್ನುವುದನ್ನೂ ಹೇಳಬೇಕು. ಮೇಜರ್ ಜನರಲ್ ಜೆ.ಎನ್. ಚೌಧರಿ ಮಿಲಿಟರಿ ಗವರ್ನರ್ ಆಗಿದ್ದಾಗಲೇ, 1949ರಲ್ಲಿ, ಜಾಗೀರುಗಳನ್ನು ರದ್ದು ಮಾಡಿದರು. 1950ರಲ್ಲಿ ಗೇಣಿದಾರರ ರಕ್ಷಣೆಗೆ ಕಾನೂನು ಬಂತು. ನಿಜಾಮರನ್ನು ಓಡಿಸಲಿಲ್ಲ, ರಾಜಪ್ರಮುಖರಾಗಿ 1956ರವರೆಗೆ ಇಟ್ಟುಕೊಂಡರು. ನಿಜಾಮರ ನಾಣ್ಯ ಹಾಲಿ ಸಿಕ್ಕವನ್ನೂ ಒಂದೇ ಏಟಿಗೆ ನಿಲ್ಲಿಸಲಿಲ್ಲ; ಏಳು ಹಾಲಿ ರೂಪಾಯಿಗೆ ಆರು ಭಾರತದ ರೂಪಾಯಿಯ ಲೆಕ್ಕದಲ್ಲಿ ವರ್ಷಗಟ್ಟಲೆ ಎರಡೂ ಚಲಾವಣೆಯಲ್ಲಿದ್ದವು. ಸಂತೆಯಲ್ಲಿ ಬಡವನ ಗಂಟು ರಾತ್ರೋರಾತ್ರಿ ಕಾಗದವಾಗಬಾರದು ಅನ್ನುವ ವಿವೇಕ ಅದು. 1952ರಲ್ಲಿ ಮೊದಲ ಚುನಾವಣೆ. ತೆಲಂಗಾಣದಲ್ಲಿ 1951ರವರೆಗೆ ಬಂದೂಕು ಹಿಡಿದಿದ್ದ ಕಮ್ಯುನಿಸ್ಟರು ಮತ ಕೇಳಲು ಬಂದರು, ಗೆದ್ದು ಶಾಸನಸಭೆಯಲ್ಲಿ ಕೂತರು. ಅವರ ನಾಯಕ ರಾವಿ ನಾರಾಯಣ ರೆಡ್ಡಿಯವರಿಗೆ ಬಿದ್ದ ಮತ ಆ ಚುನಾವಣೆಯಲ್ಲಿ ನೆಹರೂ ಅವರಿಗೆ ಬಿದ್ದ ಮತಕ್ಕಿಂತ ಹೆಚ್ಚು. ಸೋತವನಿಗೆ ಒಂದು ಬಾಗಿಲು ತೆರೆದಿಡುವುದು ಅಂದರೆ ಇದು.

ಎಡವಿದ್ದೂ ಇದೆ. ಹಳೆಯ ನೌಕರರಲ್ಲಿ ಬಹಳ ಮಂದಿ ಕೆಲಸ ಕಳೆದುಕೊಂಡರು. ಸಂಬಳವನ್ನೇ ನೆಚ್ಚಿಕೊಂಡಿದ್ದ ಮುಸ್ಲಿಂ ಮನೆತನಗಳು ಪಾತ್ರೆ, ಒಡವೆ ಮಾರುವ ಸ್ಥಿತಿಗೆ ಬಂದವು. ಅವರ ಜಾಗಕ್ಕೆ ಮದರಾಸು ಮುಂತಾದ ಕಡೆಯಿಂದ ಅಧಿಕಾರಿಗಳು ಬಂದರು. ಶಾಂತಿ ತರಲು ಬಂದವರೇ ಹೊಸ ಯಜಮಾನರಾದರು ಅಂತ ಸ್ಥಳೀಯರಿಗೆ ಅನ್ನಿಸತೊಡಗಿತು. 1952ರಲ್ಲಿ ಹೈದರಾಬಾದಿನಲ್ಲಿ ಮುಲ್ಕಿ ಚಳವಳಿ ಎದ್ದು ವಿದ್ಯಾರ್ಥಿಗಳ ಮೇಲೆ ಗೋಲಿಬಾರ್ ಆಯಿತು. ಇನ್ನು 1956ರ ನವೆಂಬರ್ 1ರಂದು ಕನ್ನಡ ಜಿಲ್ಲೆಗಳು ನಮ್ಮ ರಾಜ್ಯಕ್ಕೆ ಸೇರಿದ ಮೇಲೆ ನಾವು ಏನು ಮಾಡಿದೆವು? ಅಣ್ಣ ತಮ್ಮ ಒಂದಾದರು ಅಂತ ಹಾಡಿದೆವು, ಆಮೇಲೆ ಅಲ್ಲಿಗೆ ವರ್ಗವಾದರೆ ಅತ್ತೆವು. ಆ ಭಾಗದ ಶಿಕ್ಷಣ, ಉದ್ಯೋಗಕ್ಕೆ ವಿಶೇಷ ಸ್ಥಾನ ಕೊಡುವ 371-ಜೆ ಕಲಮು ಸಂವಿಧಾನಕ್ಕೆ ಸೇರಲು 2012ರ ತಿದ್ದುಪಡಿ ಬರಬೇಕಾಯಿತು.

ಇಲ್ಲೇ ನಮ್ಮ ಕೊಡಗಿನ ಜನರಲ್ ತಿಮ್ಮಯ್ಯನವರನ್ನು ನೆನೆಯುತ್ತೇನೆ. ಸೈಪ್ರಸ್ ಅನ್ನುವ ಪುಟ್ಟ ದ್ವೀಪ 1960ರಲ್ಲಿ ಬ್ರಿಟಿಷರಿಂದ ಸ್ವತಂತ್ರವಾಯಿತು. ಮೂರೇ ವರ್ಷದಲ್ಲಿ ಅಲ್ಲಿಯ ಗ್ರೀಕರಿಗೂ ತುರ್ಕರಿಗೂ ಹೊಡೆದಾಟ. ಒಬ್ಬ ಬ್ರಿಟಿಷ್ ಸೇನಾಧಿಕಾರಿ ರಾಜಧಾನಿಯ ನಕ್ಷೆಯ ಮೇಲೆ ಹಸಿರು ಪೆನ್ಸಿಲಿನಲ್ಲಿ ಗೆರೆ ಎಳೆದು ಇವರು ಈ ಕಡೆ, ಅವರು ಆ ಕಡೆ ಅಂದ. 1964ರಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆ ಹೋಯಿತು. ಆ ವರ್ಷವೇ ತಿಮ್ಮಯ್ಯನವರು ಅದರ ದಂಡನಾಯಕರಾದರು, 1965ರ ಡಿಸೆಂಬರ್‌ನಲ್ಲಿ ಅಲ್ಲೇ, ಕರ್ತವ್ಯದಲ್ಲಿರುವಾಗಲೇ ತೀರಿಕೊಂಡರು. ಸೈಪ್ರಸ್ ಅವರ ಹೆಸರಲ್ಲಿ ಅಂಚೆಚೀಟಿ ತಂದಿತು. ಅಂಥ ಸೇನಾನಿ ಇದ್ದರೂ ಆಗಿದ್ದಿಷ್ಟು: ಪಡೆ ಇದ್ದ ಹಾಗೇ 1974ರಲ್ಲಿ ಆ ದೇಶ ಎರಡಾಯಿತು. ಹಸಿರು ಗೆರೆ ಇವತ್ತಿಗೂ ಇದೆ, ವಿಶ್ವಸಂಸ್ಥೆಯ ಪಡೆಯೂ ಇದೆ. ಹೊರಗಿನವರು ನಡುವೆ ನಿಂತು ಬಂದೂಕು ತಡೆಯಬಹುದು. ಉರ್ದು ಪಹಣಿ ಓದಿ ಹೇಳುವ ಕೆಲಸವನ್ನು ಹೊರಗಿನವರು ಮಾಡಲಾರರು.

ನಮ್ಮ ಬೀದರ್, ಕಲಬುರಗಿ ಸೈಪ್ರಸ್ ಆಗಲಿಲ್ಲ. ಊರಿನ ಮಧ್ಯೆ ಗೆರೆ ಬೀಳಲಿಲ್ಲ. ಅದೇ ಊರಲ್ಲಿ, ಅದೇ ಬಾವಿಯಲ್ಲಿ ನೀರು ಸೇದಿಕೊಂಡು ಉಳಿದರು. ಇದು ಸಣ್ಣ ಸಾಧನೆಯಲ್ಲ, ಇದಕ್ಕೆ ಯಾರೂ ಶಾಲು ಹೊದಿಸಿಲ್ಲ.

ಆದರೆ ಒಂದು ಕೆಲಸ ಬಾಕಿ ಉಳಿದಿದೆ, ಅದು ನೆನಪಿನದ್ದು. ನಾನು ಅಲ್ಲಿದ್ದಾಗ ಹಿರಿಯರನ್ನು ಮಾತಾಡಿಸುತ್ತಿದ್ದೆ. ಹಿಂದೂಗಳ ಮನೆಯಲ್ಲಿ 'ರಜಾಕಾರರ ಹಾವಳಿ' ಅನ್ನುತ್ತಿದ್ದರು. ಅವರ ಕಥೆ ಸೆಪ್ಟೆಂಬರ್ 17ಕ್ಕೆ ಮುಗಿಯುತ್ತಿತ್ತು. ಮುಸ್ಲಿಮರ ಮನೆಯಲ್ಲಿ 'ಪೊಲೀಸ್ ಆಕ್ಷನ್' ಅನ್ನುತ್ತಿದ್ದರು. ಅವರ ಕಥೆ ಶುರುವಾಗುವುದೇ 17ರಿಂದ. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಒಂದೇ ಬೀದಿ, ಎದುರುಬದುರು ಮನೆ, ಒಬ್ಬರ ಸಾವಿನ ಲೆಕ್ಕದಲ್ಲಿ ಇನ್ನೊಬ್ಬರ ಸಾವಿಲ್ಲ. ನಮ್ಮೂರ ತೋಪಿನಲ್ಲಿ ನೂರಾರು ವರ್ಷದ ಹುಣಸೆಮರಗಳಿವೆ, 2007ರಲ್ಲಿ ಸರ್ಕಾರ ಅದನ್ನು ಜೀವವೈವಿಧ್ಯ ಪಾರಂಪರಿಕ ತಾಣ ಅಂತ ಸಾರಿತು, ದೇಶದಲ್ಲೇ ಮೊದಲನೆಯದು. ನಲ್ಲೂರಿನವರಿಗೆ ಗಾದೆ ಬಿಡಿಸಿ ಹೇಳಬೇಕಿಲ್ಲ: ಹುಣಸೆಮರ ಮುಪ್ಪಾದರೂ ಹುಳಿಗೆ ಮುಪ್ಪಿಲ್ಲ. ಹೇಳದೆ ಒಳಗಿಟ್ಟ ನೋವೂ ಹಾಗೇ. ಕಂಡವರು ತೀರಿಕೊಂಡರೂ ಮೊಮ್ಮಕ್ಕಳ ನಾಲಿಗೆಯಲ್ಲಿ ಅದೇ ಹುಳಿ ಇರುತ್ತದೆ. ಚುನಾವಣೆಯ ಹೊತ್ತಿಗೆ ಅದಕ್ಕೆ ಉಪ್ಪು ಖಾರ ಹಚ್ಚುವವರಿಗೂ ಕೊರತೆಯಿಲ್ಲ.

ಸೆಪ್ಟೆಂಬರ್ 17ರಂದು ಆ ಜಿಲ್ಲೆಗಳಲ್ಲಿ ಧ್ವಜ ಹಾರಿಸಿ ವಿಮೋಚನೆಯ ದಿನ ಆಚರಿಸುತ್ತಾರೆ. 2019ರಲ್ಲಿ ಆ ಭಾಗಕ್ಕೆ ಕಲ್ಯಾಣ ಕರ್ನಾಟಕ ಅಂತ ಹೆಸರಾಯಿತು. ಆಚರಿಸಲೇಬೇಕು, ಗೋರಟಾದಲ್ಲಿ ಸತ್ತವರಿಗೆ, ಜೈಲಿನಲ್ಲಿ ಕೊಳೆತವರಿಗೆ ಅದು ಸಲ್ಲಬೇಕಾದ ಮರ್ಯಾದೆ. ಅದೇ ದಿನ, ಅದೇ ಕಂಬದ ಕೆಳಗೆ, ಆಮೇಲಿನ ವಾರಗಳಲ್ಲಿ ಸತ್ತವರಿಗೂ ಎರಡು ನಿಮಿಷ ಎದ್ದು ನಿಂತರೆ ಧ್ವಜ ಕೆಳಗಿಳಿಯುವುದಿಲ್ಲ. ಅಡ್ಡ ನಿಂತು ಸತ್ತ ಆ ನೇಕಾರರಿಗೆ ಎಲ್ಲೂ ಒಂದು ಕಲ್ಲು ನೆಟ್ಟದ್ದು ನಾನು ನೋಡಿಲ್ಲ. ಅವರಿಗೂ ಆಗ ಒಂದು ದಿನ ಸಿಕ್ಕಂತಾಗುತ್ತದೆ.

ಸುಂದರಲಾಲ್ ನಿಯೋಗದ ವರದಿಯ ಮುಖ್ಯ ಭಾಗಗಳನ್ನೂ ಗೋರಟಾ ಮತ್ತು ಗಡಿ ಶಿಬಿರಗಳ ಬಗ್ಗೆ ಅಲ್ಲಿದ್ದಾಗ ನಾನು ಹಿರಿಯರಿಂದ ಕೇಳಿ ಬರೆದುಕೊಂಡದ್ದನ್ನೂ ಕನ್ನಡದಲ್ಲಿ ಟೈಪು ಮಾಡಿಸಿ ಒಂದೇ ರಟ್ಟಿನೊಳಗೆ ಹೊಲಿಸಿ ತಂದಿದ್ದೇನೆ. ಬೇಕೆಂದೇ ಒಂದೇ ರಟ್ಟು. ಒಂದನ್ನು ಮನೆಗೆ ಒಯ್ದು ಇನ್ನೊಂದನ್ನು ಬಿಟ್ಟು ಹೋಗಲು ಆಗಬಾರದು. ಶಾಲೆಯ ಗ್ರಂಥಾಲಯಕ್ಕೆ ಕೊಡುತ್ತಿದ್ದೇನೆ. ಒಂಬತ್ತು, ಹತ್ತನೇ ತರಗತಿಯ ಮಕ್ಕಳಿಗೆ ಅರ್ಥವಾಗುವಷ್ಟು ಸುಲಭವಾಗಿದೆ, ಅರ್ಥವಾಗದ್ದಕ್ಕೆ ನಿಮ್ಮ ಮೇಷ್ಟ್ರುಗಳಿದ್ದಾರೆ. ಹಿಂದಿನ ಪುಟದಲ್ಲಿ ನನ್ನ ಫೋನ್ ನಂಬರ್ ಬರೆದಿದ್ದೇನೆ, ಸಂಜೆ ಆರರ ಮೇಲೆ ಮಾಡಿ.